ಏಕಕಂಠ

ಎರಡನೇ ಸಾಲು ಮುಗಿಯುವಷ್ಟರಲ್ಲಿ ಅವನಿಗೆ ಗೊತ್ತಾಯಿತು: ಸಭೆ ಹಾಡುತ್ತಿರುವುದು ಒಂದು ಹಾಡನ್ನಲ್ಲ, ಎರಡನ್ನು.

ಎಡಗಡೆಯ ಬೆಂಚುಗಳಿಂದ ಬರುತ್ತಿದ್ದದ್ದು ಸರಿಯಾದ ಹಾಡೇ. 'ತೆರೆಯಿತು ಬಾಗಿಲು, ಬನ್ನಿರಿ ಒಳಗೆ. ಕರೆದನು ಒಡೆಯನು ಬೆಳಕಿನ ಮನೆಗೆ.' ಇವತ್ತು ಒಂದು ಮಗುವಿನ ದೀಕ್ಷಾಸ್ನಾನವಿತ್ತು, ಅದಕ್ಕೆಂದು ಅವನೇ ಆರಿಸಿದ್ದು. ಬಲಗಡೆಯ ಬೆಂಚುಗಳಿಂದ ಅದೇ ರಾಗದಲ್ಲಿ, ಅದೇ ತಾಳದಲ್ಲಿ, ಅಷ್ಟೇ ಹುರುಪಿನಿಂದ ಇನ್ನೊಂದು ಬರುತ್ತಿತ್ತು. 'ಮುಗಿಯಿತು ದುಡಿಮೆಯು, ಮಲಗಿರಿ ಒಳಗೆ; ಮರಳಿತು ಮೈಯಿದು ಮಣ್ಣಿನ ಮನೆಗೆ.' ಅದು ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ಹಾಡುವ ಹಾಡು.

ಎರಡನ್ನೂ ಬರೆದವನು ಒಬ್ಬನೇ ಇರಬೇಕು. ಪ್ರಾಸಕ್ಕೆ ಅವನ ಬಳಿ ಇದ್ದದ್ದು ಎರಡೇ ಪದ. ಹುಟ್ಟಿದವರಿಗೂ ಸತ್ತವರಿಗೂ ಅವನ್ನೇ ಹಂಚಿ ಕೈ ತೊಳೆದುಕೊಂಡಿದ್ದ.

ಅವನ ಬಲಗೈ ತಾಳ ಹಾಕುತ್ತಲೇ ಇತ್ತು. ನಿಲ್ಲಿಸಬೇಕು ಅನ್ನಿಸಿತು. ಆದರೆ ನಿಲ್ಲಿಸಬೇಕಾದರೆ 'ನಿಲ್ಲಿಸಿ' ಅನ್ನಬೇಕು, ಅದಕ್ಕೆ ದನಿ ಬೇಕು. ಇನ್ನೂರು ಜನ ಎದೆ ತುಂಬಿ ಹಾಡುವಾಗ ಅದಕ್ಕೂ ಮೇಲೇಳುವ ದನಿ. ಅವನು ಎರಡನೇ ಚರಣಕ್ಕೆ ಕೈ ಎತ್ತಿದ. ಎಡಗಡೆಯವರು ಬೆಳಕಿನಲ್ಲಿ ಮುಂದೆ ಹೋದರು. ಬಲಗಡೆಯವರು ಮಣ್ಣಿನಲ್ಲಿ ಇನ್ನೂ ಸ್ವಲ್ಪ ಕೆಳಗಿಳಿದರು.

ತಪ್ಪು ಎಲ್ಲಿ ಆಯಿತು ಎಂದು ಅವನಿಗೆ ನೋಡದೆಯೇ ತಿಳಿಯಿತು. ಬೆನ್ನ ಹಿಂದೆ ಗಾಯಕವೃಂದ, ಅದರ ಹಿಂದಿನ ಗೋಡೆಯ ಮೇಲೆ ಹಾಡಿನ ಸಂಖ್ಯೆಗಳ ಹಲಗೆ. ಹಲಗೆಯಲ್ಲಿ ಎರಡು ಸಾಲು. ಎಂಟು ವರ್ಷದ ಹಿಂದೆ ಹೊಸ ಹಾಡಿನ ಪುಸ್ತಕ ಬಂದಾಗ ಬಲಗಡೆ ಕೂರುವ ಹಿರಿಯರು ಹಳೆಯದನ್ನು ಬಿಡಲಿಲ್ಲ. ಸತ್ತರೆ ಬಿಡುತ್ತೇವೆ ಅಂದರು. ಅದಕ್ಕೇ ಒಂದು ಸಾಲಿನಲ್ಲಿ ಹೊಸ ಪುಸ್ತಕದ ಸಂಖ್ಯೆ, ಇನ್ನೊಂದರಲ್ಲಿ ಹಳೆಯದರದು. ಬಾಯಲ್ಲಿ ಸಂಖ್ಯೆ ಹೇಳಿದರೆ ಆರಾಧನೆಯ ಗಾಂಭೀರ್ಯ ಕೆಡುತ್ತದೆ ಎಂಬುದು ಪಾದ್ರಿ ಅಯ್ಯನವರ ಅಭಿಪ್ರಾಯ. ಆರ್ಗನ್ ಒಂದು ಸಾಲು ನುಡಿಸುತ್ತದೆ, ಜನ ಹಲಗೆ ನೋಡಿ ಪುಟ ತೆಗೆಯುತ್ತಾರೆ.

ನಿನ್ನೆ ಸಂಜೆ ಅವನೇ ಏಣಿ ಹತ್ತಿ ಸಂಖ್ಯೆಗಳನ್ನು ತೂಗುಹಾಕಿದ್ದ. ಹಳೆಯ ಪುಸ್ತಕದಲ್ಲಿ ೧೬೨. ಮರದ ಬಿಲ್ಲೆಗಳ ಮೇಲಿನ ಬಣ್ಣ ಮಾಸಿತ್ತು. ೬ ಮತ್ತು ೯ ಕನ್ನಡದಲ್ಲಿ ಅಣ್ಣತಮ್ಮಂದಿರು. ಕೊಂಡಿ ಯಾವ ಕಡೆಗೆ ತಿರುಗಿದೆ ಅನ್ನುವುದೊಂದೇ ವ್ಯತ್ಯಾಸ. ೧೯೨ ಶವಸಂಸ್ಕಾರದ ಭಾಗದಲ್ಲಿದೆ.

ವಾರದ ಆರು ದಿನ ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾನೆ. ಇನ್ನೊಬ್ಬರ ತಪ್ಪು ಹುಡುಕುವುದಕ್ಕೆ ಅವನಿಗೆ ಸಂಬಳ. ಭಾನುವಾರ ಇಲ್ಲಿ ಹಾಡಿಸುತ್ತಾನೆ, ಇಲ್ಲಿ ಎಲ್ಲರೂ ಅವನನ್ನು ಮಾಸ್ತ್ರೇ ಅನ್ನುತ್ತಾರೆ.

ಮೂರನೇ ಚರಣ. ಅಯ್ಯನವರು ಮಗುವನ್ನು ಎತ್ತಿಕೊಂಡಿದ್ದರು. ಮುಖದಲ್ಲಿ ಭಕ್ತಿಗಿಂತ ಹೆಚ್ಚಾಗಿ ಮಗು ನಿಲುವಂಗಿಯ ಮೇಲೆ ಏನಾದರೂ ಮಾಡೀತೆಂಬ ಎಚ್ಚರ. ಮಗುವಿನ ಅಜ್ಜಿ ಬಲಗಡೆಯ ಮೊದಲ ಬೆಂಚಿನಲ್ಲಿದ್ದರು. ಪುಸ್ತಕವನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಮೊಮ್ಮಗಳಿಗೆ ಮಲಗು ಮಲಗು ಎಂದು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದರು.

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರ ಹುಬ್ಬೂ ಏರಲಿಲ್ಲ. ಯಾರೂ ಪಕ್ಕದವರ ಪುಸ್ತಕದೊಳಗೆ ಬಗ್ಗಿ ನೋಡಲಿಲ್ಲ.

ಆಶ್ಚರ್ಯವೇನಿಲ್ಲ. ಹಾಡುವವನಿಗೆ ಇದು ಕೇಳಿಸುವುದಿಲ್ಲ. ಅವನ ತಲೆಯ ತುಂಬ ಅವನದೇ ದನಿ ಇರುತ್ತದೆ. ಕೇಳಿಸಬೇಕಾದರೆ ಹಾಡದೆ ಇರಬೇಕು.

ಅವನು ಹಾಡುತ್ತಿರಲಿಲ್ಲ. ಹದಿನಾಲ್ಕು ತಿಂಗಳಿಂದ ಹಾಡಿರಲಿಲ್ಲ.

ಅದಕ್ಕೆ ದೊಡ್ಡ ಕಾರಣವಿದ್ದಿದ್ದರೆ ಅವನಿಗೇ ಸಮಾಧಾನವಾಗುತ್ತಿತ್ತು. ಯಾರೂ ಸತ್ತಿರಲಿಲ್ಲ. ದೇವರೊಂದಿಗೆ ಜಗಳವೂ ಆಗಿರಲಿಲ್ಲ. ಹೋದ ವರ್ಷ ಒಂದು ಭಾನುವಾರ ನೆಗಡಿಯಾಗಿ ದನಿ ಕಟ್ಟಿತ್ತು. ಕೈಯಲ್ಲಿ ತಾಳ ಹಾಕಿದ, ಬರಿದೇ ಬಾಯಾಡಿಸಿದ. ಆರಾಧನೆ ಮುಗಿದ ಮೇಲೆ ನಾಲ್ಕು ಜನ ಬಂದು ಕೈ ಕುಲುಕಿ, ಇವತ್ತು ನಿಮ್ಮ ದನಿ ತುಂಬಾ ಚೆನ್ನಾಗಿತ್ತು ಅಂದರು.

ಮುಂದಿನ ಭಾನುವಾರ ನೆಗಡಿ ಇರಲಿಲ್ಲ. ಆದರೂ ಹಾಡಲಿಲ್ಲ. ಏನಾಗುತ್ತದೆ ನೋಡೋಣ ಅಂದುಕೊಂಡ. ಏನೂ ಆಗಲಿಲ್ಲ.

ಮೊದಮೊದಲು ಸಿಕ್ಕಿಬೀಳುವ ಭಯ ಇತ್ತು. ಆಮೇಲೆ, ಇಷ್ಟು ವಾರವಾದರೂ ಸಿಕ್ಕಿಬೀಳಲಿಲ್ಲವಲ್ಲ ಎಂಬ ಸಂಕಟ. ಈಗ ಬಾಯಾಡಿಸುವುದರಲ್ಲಿ ಕೈ ಪಳಗಿದೆ ಅನ್ನಬಹುದೋ ಏನೋ. ನಿಜವಾಗಿ ಹಾಡುವವರ ಬಾಯಿ ನೋಡಲು ಅಂದವಲ್ಲ. ಸೊಟ್ಟಗಾಗುತ್ತದೆ, ಎಲ್ಲಿ ಬೇಕೋ ಅಲ್ಲಿ ಉಸಿರು ಕದಿಯುತ್ತದೆ. ಅವನ ತುಟಿಗಳು ಮಾತ್ರ ಪ್ರತಿ ಅಕ್ಷರವನ್ನೂ ಅಚ್ಚು ಹಾಕಿದ ಹಾಗೆ ತಿದ್ದುತ್ತವೆ.

ನಾಲ್ಕನೇ ಚರಣ ಮುಗಿಯಿತು. ಎರಡೂ ಹಾಡುಗಳು ಒಂದೇ ಹೊತ್ತಿಗೆ 'ಮನೆಗೆ' ತಲುಪಿದವು. ಇನ್ನೂರು ಜನ ಒಟ್ಟಿಗೆ ಆಮೆನ್ ಅಂದರು.

ಆರಾಧನೆ ಮುಗಿದ ಮೇಲೆ ಅವನು ಬಾಗಿಲ ಬಳಿ ನಿಂತ. ಒಬ್ಬರು ಸಾಕು ಅನ್ನಿಸುತ್ತಿತ್ತು. ಯಾರಾದರೂ ಒಬ್ಬರು ಬಂದು, ಮಾಸ್ತ್ರೇ, ಇದೇನು ಎಡವಟ್ಟು ಅಂದರೆ ಅವನೂ ಹೇಳಿಬಿಡುತ್ತಿದ್ದ. ಹೌದು, ಎರಡು ಹಾಡು, ನನಗೆ ಕೇಳಿಸಿತು, ಯಾಕೆಂದರೆ ನಾನು ಹಾಡುತ್ತಿರಲಿಲ್ಲ. ವಾಕ್ಯ ಸಿದ್ಧವಾಗಿತ್ತು. ಅಲ್ಪವಿರಾಮ ಸಮೇತ.

ಮೊದಲು ಬಂದವರು ಮಗುವಿನ ಅಜ್ಜಿ.

"ಎಂಥಾ ಹಾಡು ಹಾಡಿಸಿದ್ರಿ ಮಾಸ್ತ್ರೇ, ನನ್ನ ಮೊಮ್ಮಗಳಿಗೆ! ಕಣ್ಣಲ್ಲಿ ನೀರು ಬಂತು."

"ಯಾವ ಸಾಲಿಗೆ?"

"ಯಾವ ಸಾಲು ಅಂತ ಹೇಳ್ಲಿ. ಎಲ್ಲಾ ಸಾಲಿಗೂ. ನಮ್ಮ ಯಜಮಾನ್ರು ತೀರ್ಕೊಂಡಾಗ ಅತ್ತಿದ್ದು ನೋಡಿ, ಅದು ಬಿಟ್ರೆ ಇವತ್ತೇ."

"ಆವತ್ತೂ ಇದೇ ಹಾಡಿರಬೇಕು."

"ಇರಬಹುದು. ರಾಗ ಹಾಗೇ ಇತ್ತಪ್ಪ." ಅವರು ಕಣ್ಣೊರೆಸಿಕೊಂಡು ಮಗುವಿನ ಕಡೆ ನಡೆದರು.

ಗಾಯಕವೃಂದದ ಹಿಂದಿನ ಸಾಲಿನಿಂದ ಗುಡುಗು ಬಂದ. ಹೆಂಡತಿಯ ಅಣ್ಣ. ಮಂದ್ರ ದನಿಯವನು, ಅವನು ಕೆಳಗಿನ ಷಡ್ಜ ಹಿಡಿದರೆ ಕಿಟಕಿಯ ಗಾಜು ಅಲುಗುತ್ತಿದ್ದರಿಂದ ಆ ಹೆಸರು. ಇಬ್ಬರೂ ಒಬ್ಬರನ್ನೊಬ್ಬರು ಭಾವ ಅನ್ನುತ್ತಿದ್ದರು.

"ಭಾವ, ಇವತ್ತು ಮೊದಲನೇ ಹಾಡಿನ ಎರಡನೇ ಸಾಲು ಏನಂತ ಹಾಡ್ದೆ?"

"ಎರಡನೇ ಸಾಲಾ?" ಗುಡುಗು ಮೇಲೆ ನೋಡಿದ. "ಪ ಮ ಗ ರಿ, ಅಲ್ಲಿಂದ ಸ."

"ಪದ?"

"ಪದ ಕಟ್ಕೊಂಡು ನಮಗೇನು ಭಾವ. ಅದು ಮುಂದಿನ ಸಾಲಿನವರದ್ದು. ನಾವು ಪಾಯ."

ಅಯ್ಯನವರು ಪಕ್ಕದ ಕೋಣೆಯಲ್ಲಿ ನಿಲುವಂಗಿ ಕಳಚುತ್ತಿದ್ದರು. ಎದೆಯ ಮೇಲೆ ಒದ್ದೆಯಾದ ಗುರುತು ಇತ್ತು. ಅವರು ಅದನ್ನೇ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

"ಅಯ್ಯನವರೇ, ಇವತ್ತು ಒಂದು ತಪ್ಪಾಯ್ತು."

"ಯಾರಿಂದ ಆಗಲ್ಲ ಹೇಳಿ."

"ಅಲ್ಲ, ಹಾಡಿನಲ್ಲಿ. ಸಭೆ ಎರಡು ಹಾಡು ಹಾಡ್ತು. ಒಟ್ಟಿಗೆ. ಬಲಗಡೆಯವರು ಬೇರೆ ಹಾಡಿದ್ರು."

"ಹೌದಾ?" ಅವರು ಒದ್ದೆ ಬೆರಳನ್ನು ಮೂಗಿನ ಹತ್ತಿರ ತಂದರು. "ಬರೀ ನೀರೇ ಅನ್ಸುತ್ತೆ. ನೋಡಿ ಮಾಸ್ತ್ರೇ, ಮೇಲೆ ಹೋಗಿ ಮುಟ್ಟೋವಾಗ ಎಲ್ಲಾ ಒಂದೇ. ನೀವು ಯಾವುದು ಹಾಡಿದ್ರಿ?"

ಸುಮ್ಮನೆ ಕೇಳಿದ್ದು ಅದು. ಉಪಚಾರಕ್ಕೆ. ಆದರೆ ಬೆಳಗಿನಿಂದ ಅವನು ಕಾಯುತ್ತಿದ್ದ ಪ್ರಶ್ನೆ ಅದೇ.

"ಹೊಸದನ್ನ" ಅಂದ.

"ಮತ್ತೇನು? ಮುಂದಿರೋನು ಸರಿ ಇದ್ರೆ ಆಯ್ತು. ಸಾಯಂಕಾಲ ನಾಲ್ಕಕ್ಕೆ ಫೋಟೊ, ಮರೀಬೇಡಿ. ಎಲ್ಲರೂ ನಿಲುವಂಗಿಯಲ್ಲೇ ಬರಲಿ."

ಸಭೆಗೆ ಎಪ್ಪತ್ತೈದು ವರ್ಷ ತುಂಬಿತ್ತು. ಸ್ಮರಣ ಸಂಚಿಕೆಗೆ ಗಾಯಕವೃಂದದ ಫೋಟೊ ಒಂದೇ ಬಾಕಿ. ಅದರ ಕೆಳಗೆ ಬರಬೇಕಾದ ಸಾಲು ಆಗಲೇ ಅಚ್ಚಾಗಿತ್ತು: 'ಏಕಕಂಠದಿಂದ ಸ್ತುತಿಸುವ ನಮ್ಮ ಗಾಯಕವೃಂದ.' ಕರಡಿನಲ್ಲಿ ಠ-ದ ಹೊಟ್ಟೆಯೊಳಗಿನ ಚುಕ್ಕೆ ಬಿಟ್ಟುಹೋಗಿ 'ಏಕಕಂರ' ಎಂದಾಗಿತ್ತು. ಕೆಂಪು ಶಾಯಿಯಲ್ಲಿ ಆ ಚುಕ್ಕೆ ಇಟ್ಟವನು ಅವನೇ.

ಮನೆಯಲ್ಲಿ ಊಟ ಎಂದಿನಂತೆ ಆಯಿತು. ಅವನು ತಟ್ಟೆ ತೊಳೆದಿಟ್ಟ. ಹೆಂಡತಿ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ನಿಲುವಂಗಿಗೆ ಇಸ್ತ್ರಿ ಹಾಕತೊಡಗಿದಳು. ಅವಳೂ ಗಾಯಕವೃಂದದಲ್ಲಿದ್ದಳು, ಎರಡನೇ ಸಾಲು, ಎಡದಿಂದ ಮೂರನೆಯವಳು. ಮದುವೆಗೆ ಮುಂಚಿನಿಂದಲೂ ಅದೇ ಜಾಗ. ಅಲ್ಲಿಂದ ಬಂದ ದನಿಯೊಂದನ್ನು ಕೇಳಿಯೇ ಅವನು ಇಪ್ಪತ್ತೆರಡು ವರ್ಷದ ಹಿಂದೆ ತಿರುಗಿ ನೋಡಿದ್ದ.

"ಇವತ್ತು ಹಾಡು ಹೇಗಿತ್ತು?"

"ಯಾವಾಗ್ಲಿನ ಹಾಗೇ."

"ಮೊದಲನೇದು?"

"ಅದೂ."

"ನಿನಗೇನೂ ಅನ್ನಿಸಲಿಲ್ವಾ?"

ಅವಳು ತೋಳನ್ನು ತಿರುಗಿಸಿ ಹಾಸಿದಳು. "ಆರು ಒಂಬತ್ತಾದ್ರೆ ಆಕಾಶ ಕಳಚಿ ಬೀಳುತ್ತಾ? ಬಿಡಿ. ನಿಮ್ಮದೂ ಕೊಡಿ ಇಲ್ಲಿ, ಇಸ್ತ್ರಿ ಬಿಸಿ ಇದೆ."

ಅವನು ನಿಲುವಂಗಿ ತಂದುಕೊಟ್ಟ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ಕೈಗೆ ಸೋಪು ಹಚ್ಚಿಕೊಂಡ ಮೇಲೆ ಅವಳು ಏನು ಅಂದಳೆಂದು ಹೊಳೆಯಿತು.

ಆರು ಒಂಬತ್ತರ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಅಯ್ಯನವರಿಗೂ ಎರಡು ಹಾಡು ಎಂದಷ್ಟೇ ಹೇಳಿದ್ದ.

ನೀರು ಹರಿಯುತ್ತಿತ್ತು. ಅವನು ಕರಡು ನೋಡುವವನ ಹಾಗೆ ಹಿಂದಿನಿಂದ ಒಂದೊಂದೇ ಪದ ಬಿಡಿಸುತ್ತ ಬಂದ. ಹಲಗೆ ಗಾಯಕವೃಂದದ ಬೆನ್ನ ಹಿಂದಿದೆ, ಹಾಡುವಾಗ ಅವಳಿಗೆ ಕಾಣುವುದಿಲ್ಲ. ಮುಗಿದ ಮೇಲೆ ತಿರುಗಿ ನೋಡಿರಬಹುದು. ಆದರೆ ಬರೀ ೧೯೨ ನೋಡಿ ಅದು ತಪ್ಪೆಂದು ಹೇಗೆ ತಿಳಿಯಬೇಕು? ಹಳೆಯ ಪುಸ್ತಕ ಅವಳ ಬಳಿ ಇಲ್ಲ. ಮೊದಲು ಕಿವಿಗೆ ಕೇಳಿಸಿರಬೇಕು, ಆಮೇಲೆ ಕಾರಣ ಹುಡುಕಿಕೊಂಡು ತಿರುಗಿರಬೇಕು. ಹಿಂದೆ ಗುಡುಗು, ಎಡಬಲಕ್ಕೆ ಐದು ಜನ ಹೆಂಗಸರು. ಅಷ್ಟರ ನಡುವೆ ನಿಂತು, ತಾನೂ ಹಾಡುತ್ತಾ, ಎದುರಿನ ಬೆಂಚುಗಳಲ್ಲಿ ಎರಡು ಹಾಡು ಬೇರೆ ಬೇರೆಯಾಗಿ ಕೇಳಿಸುವುದು ಸಾಧ್ಯವಿಲ್ಲ.

ತಾನೂ ಹಾಡುತ್ತಾ ಇದ್ದರೆ.

ಅವನು ನಲ್ಲಿ ನಿಲ್ಲಿಸಿ ಕೋಣೆಗೆ ಬಂದ.

"ನಿನಗೆ ಹೇಗೆ ಗೊತ್ತಾಯ್ತು?"

"ಏನು?"

"ಆರು ಒಂಬತ್ತಾಗಿದ್ದು."

"ಹಲಗೆ ನೋಡ್ದೆ."

"ಯಾವಾಗ?"

"ಹೋಗೋವಾಗಲೋ ಬರೋವಾಗಲೋ. ಈಗ ನೆನಪಿಲ್ಲ ರೀ." ಅವಳು ಕುತ್ತಿಗೆಪಟ್ಟಿಯ ಮೇಲೆ ಇಸ್ತ್ರಿಯನ್ನು ಒತ್ತಿ ಹಿಡಿದಳು. "ಕೈಯಲ್ಲಿ ಸೋಪು ಹಾಗೇ ಇದೆ ನೋಡಿ."

ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಕೇಳಿದರೆ ಅವಳೂ ಕೇಳುತ್ತಾಳೆ, ನಿಮಗೆ ಹೇಗೆ ಕೇಳಿಸಿತು ಎಂದು. ಅವನಿಗೆ ಹೆದರಿಕೆಯಾಯಿತು. ಬೆಳಗ್ಗೆಯಿಂದ ಯಾರಾದರೂ ಒಬ್ಬರಿಗೆ ಕೇಳಿಸಿರಲಿ ಎಂದು ಹಂಬಲಿಸಿದ್ದ, ಆ ಒಬ್ಬರು ಇವಳಾಗುವುದು ಮಾತ್ರ ಬೇಡವಾಗಿತ್ತು. ಸೋಪು ಒಣಗಿ ಬೆರಳ ಸಂದುಗಳಲ್ಲಿ ಬಿಗಿಯುತ್ತಿತ್ತು.

ಕುರ್ಚಿಯಲ್ಲಿ ಕುಳಿತು ಅವನು ನೆನಪಿಸಿಕೊಳ್ಳಲು ನೋಡಿದ. ಮದುವೆಯಾದ ಹೊಸದರಲ್ಲಿ ಅವಳು ಒಲೆಯ ಮುಂದೆ ಗುನುಗುತ್ತಿದ್ದಳು. ಬಟ್ಟೆ ಮಡಿಸುವಾಗ, ಬೀಗ ಹಾಕುವಾಗ, ಅವನಿಗೆ ಜ್ವರ ಬಂದಾಗ ಹಣೆಯ ಮೇಲೆ ಕೈಯಿಟ್ಟುಕೊಂಡು. ಅದು ಯಾವಾಗ ನಿಂತಿತು? ಅವನ ನೆಗಡಿಗೆ ಮುಂಚೆಯೋ, ಆಮೇಲೆಯೋ? ಅಭ್ಯಾಸದಲ್ಲಿ ಎಲ್ಲರ ತಲೆಯೂ ಪುಸ್ತಕದೊಳಗೆ. ಭಾನುವಾರ ಅವನ ಮುಖ ಸಭೆಯ ಕಡೆಗೆ, ಬೆನ್ನು ಅವಳ ಕಡೆಗೆ. ಇಪ್ಪತ್ತೆರಡು ವರ್ಷ ಅವಳು ಹಿಂದೆ ಇದ್ದಾಳೆ ಎಂಬ ಧೈರ್ಯದಲ್ಲಿ ಅವನು ಕೈ ಎತ್ತಿದ್ದ. ಆ ಧೈರ್ಯ ಈಗ ಕುರ್ಚಿಯಲ್ಲಿ ಕುಳಿತವನ ಹತ್ತಿರ ಇರಲಿಲ್ಲ.

"ನನ್ನ ನೆಗಡಿ ನೆನಪಿದೆಯಾ?" ಅಂದ. "ಹೋದ ವರ್ಷದ್ದು?"

"ನಿಮಗೆ ವರ್ಷಕ್ಕೆ ಮೂರು ಸಲ ನೆಗಡಿ. ಯಾವುದನ್ನ ಅಂತ ನೆನಪಿಟ್ಕೊಳ್ಲಿ?"

ಎರಡು ನಿಲುವಂಗಿಗಳೂ ಇನ್ನೊಂದು ಕುರ್ಚಿಯ ಬೆನ್ನಿನ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ಬಿಳಿ, ಗರಿಗರಿ. ಯಾವುದು ಯಾರದೆಂದು ತಿಳಿಯಲು ಅವಳು ಕುತ್ತಿಗೆಯ ಒಳಗೆ ದಾರದಿಂದ ಗುರುತು ಹಾಕಿದ್ದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಅವರು ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ಫೋಟೊದವನು ಆಗಲೇ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಕಿಟಕಿಯ ಬೆಳಕು ಅಳೆಯುತ್ತಿದ್ದ. ಹದಿನೆಂಟು ಜನ ಮೂರು ಸಾಲಿನಲ್ಲಿ ನಿಂತರು. ಅವನು ಎಂದಿನಂತೆ ಮುಂದೆ ಬಂದು ಬೆಂಚುಗಳ ಕಡೆ ಮುಖ ಮಾಡಿ ನಿಂತ.

"ಹಾಗಲ್ಲ ಸಾರ್. ನೀವು ಅವರ ಕಡೆ ತಿರುಗಿ. ನೀವು ಹಾಡಿಸ್ತಿದ್ದೀರಿ, ಅವರು ಹಾಡ್ತಿದ್ದಾರೆ. ನಾನು ಪಕ್ಕದಿಂದ ಹೊಡೀತೀನಿ."

"ನಾನು ಸಭೆಯ ಕಡೆ ಅಲ್ವಾ ನಿಲ್ಲೋದು."

"ಸಭೆ ಎಲ್ಲಿದೆ ಸಾರ್?"

ಅವನು ತಿರುಗಿದ. ನಿಲುವಂಗಿ ಹಾಕಿಕೊಂಡು, ಕೈ ಎತ್ತಿ, ಅವರ ಕಡೆ ಮುಖ ಮಾಡಿದ್ದು ಇದೇ ಮೊದಲು. ಅವರ ತಲೆಗಳ ಮೇಲೆ ಹಲಗೆ ಕಾಣುತ್ತಿತ್ತು. ೧೯೨. ಅದು ಫೋಟೊದಲ್ಲೂ ಬರುತ್ತದೆ, ಏಣಿ ತಂದು ಬದಲಿಸಬಹುದಿತ್ತು. ಯಾರೂ ಓದುವುದಿಲ್ಲ ಎಂದು ಈಗ ಅವನಿಗೆ ಖಾತ್ರಿಯಾಗಿತ್ತು.

"ಎಲ್ಲರೂ ಬಾಯಿ ತೆಗೀರಿ, ಹಾಡೋ ಥರ" ಫೋಟೊದವನು ಕೂಗಿದ. "ಹಾಡಬೇಡಿ ಮತ್ತೆ. ದನಿ ತೆಗೆದ್ರೆ ಮುಖ ಅಲ್ಲಾಡುತ್ತೆ. ಬರೀ ಥರ."

ಬಾಯಿಗಳು ತೆರೆದವು. ಗುಡುಗು ಹಲ್ಲಿನ ಡಾಕ್ಟರ ಮುಂದೆ ಕೂತವನಂತೆ ತೆರೆದ. ಮುಂದಿನ ಸಾಲಿನಲ್ಲಿ ಇಬ್ಬರು ನಕ್ಕರು, ನಗು ಪಕ್ಕಕ್ಕೆ ಹಬ್ಬಿತು. ಒಬ್ಬರು ಅಭ್ಯಾಸಬಲದಿಂದ ಹಾಡಿಯೇಬಿಟ್ಟು ಬಾಯಿ ಮುಚ್ಚಿಕೊಂಡರು. ದನಿಯಿಲ್ಲದೆ ಬಾಯಿ ಏನು ಮಾಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

"ಅಯ್ಯೋ, ಎಲ್ಲರೂ ಆಕಳಿಸ್ತಿರೋ ಹಾಗಿದೆ" ಅಂದ ಫೋಟೊದವನು. ಸ್ಟ್ಯಾಂಡ್ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. "ನೋಡಿ, ಎರಡನೇ ಸಾಲಿನ ಆ ಮೇಡಂನ ನೋಡಿ. ಮೂರನೆಯವರು. ಎಷ್ಟು ಸಹಜವಾಗಿದೆ! ಹಾಡ್ತಿದ್ದಾರೆ ಅಂತಲೇ ಅನ್ಸುತ್ತೆ. ಅವರ ಥರ ಮಾಡಿ."

ಎಲ್ಲರೂ ತಿರುಗಿ ಅವಳನ್ನು ನೋಡಿದರು.

"ಮತ್ತೆ ಸಾರ್ ಥರ. ಅವರಿಬ್ಬರನ್ನ ನೋಡ್ಕೊಂಡು ಕಲೀರಿ."

ಎಲ್ಲರೂ ತಿರುಗಿ ಅವನನ್ನು ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಗುಡುಗು, ನಮ್ಮ ಭಾವ ಅಂದ್ರೆ ಏನಂದ್ಕೊಂಡ್ರಿ ಅಂದ.

ಅವಳು ಬಾಯಿ ಮುಚ್ಚಲಿಲ್ಲ. ಗಂಟಲು ಅಲುಗುತ್ತಿರಲಿಲ್ಲ, ಹೆಗಲು ಏರುತ್ತಿರಲಿಲ್ಲ. ತುಟಿಗಳು ಮಾತ್ರ ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿ ದಾಟುತ್ತ ಸಾಲಿನ ಕೊನೆಗೆ ಬಂದು ನಿಂತಿದ್ದವು. ಅದು ಒಂದು ವರ್ಷದ ಪಳಗುವಿಕೆಯಲ್ಲ. ಅವನಿಗಿಂತ ಬಹಳ ಹಿಂದೆಯೇ ಕಲಿತ ಬಾಯಿ ಅದು. ಅವಳ ಕಣ್ಣು ಅವನ ತುಟಿಗಳ ಮೇಲೆ ಇತ್ತು, ಅವಳೂ ಓದುತ್ತಿದ್ದಳು.

"ಹಾಂ, ಹಾಗೇ! ಯಾರೂ ಅಲ್ಲಾಡಬೇಡಿ. ಸಾರ್, ಕೈ ಇನ್ನೂ ಸ್ವಲ್ಪ ಮೇಲೆ."

ಅವಳ ಬಾಯಿ ಕೊನೆಯ ಪದದ ಮೇಲಿತ್ತು. ಮನೆಗೆ. ಬೆಳಕಿನದೋ ಮಣ್ಣಿನದೋ, ತುಟಿ ನೋಡಿ ಹೇಳುವಂತಿರಲಿಲ್ಲ. ಅವನ ಬಾಯಿಯೂ ಅಲ್ಲೇ ತೆರೆದುಕೊಂಡಿತ್ತು.

"ಒಂದು ಆಯ್ತು. ಇನ್ನೊಂದು. ಹಾಗೇ ಇರಿ."

ಹಾಡು ಶುರುವಾಗಿದ್ದರೆ ಅದನ್ನು ಮುಗಿಸಿ ಕೈ ಇಳಿಸಬಹುದಿತ್ತು. ತೋಳು ನೋಯತೊಡಗಿತು. ಹದಿನೆಂಟು ಬಾಯಿಗಳು ಅವನ ಕೈಯನ್ನೇ ನೋಡುತ್ತ ತೆರೆದೇ ಇದ್ದವು.